ತೊಟ್ಟಿಯ ಕ್ಯೂಬು, ಬಿಸಿಲಿನ ಸ್ಲ್ಯಾಬು

ಹೊಸಪೇಟೆಯ ಹೊಸ ಬಡಾವಣೆಯೊಂದರಲ್ಲಿ ಬೆಳಿಗ್ಗೆ ಏಳಕ್ಕೇ ಮಿಕ್ಸರ್ ತಿರುಗುತ್ತಿತ್ತು. ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟಿ ಮುಗಿದಿದೆ. ಆಳುಗಳು ಸಾಲಾಗಿ ನಿಂತು ಬಾಂಡ್ಲಿ ದಾಟಿಸುತ್ತಿದ್ದಾರೆ. ಕೆಳಗೆ ಸೈಟ್ ಎಂಜಿನಿಯರು 300 ಮಿ.ಮೀ. ಎತ್ತರದ ಶಂಕುವಿನೊಳಗೆ ಕಾಂಕ್ರೀಟ್ ತುಂಬಿ, ಕುಟ್ಟಿ, ನೆಟ್ಟಗೆ ಮೇಲಕ್ಕೆತ್ತಿದರು. ಒಳಗಿನ ರಾಶಿ ಕುಸಿದು ಕೂತಿತು. ಎಷ್ಟು ಕುಸಿಯಿತೋ ಅದೇ ಸ್ಲಂಪ್. ಮೇಸ್ತ್ರಿಗೆ ಸಮಾಧಾನವಿಲ್ಲ.

"ಇನ್ನೊಂದು ಕೊಡ ನೀರು ಬಿಟ್ರ ಮಾಲು ಚೆಂದ ಹರೀತೈತ್ರಿ ಸರ್."

"ಹರೀತೈತಿ, ಆಮೇಲೆ ಬಿರೀತೈತಿ. ಪೈಪ್ ಬಂದ್ ಮಾಡು."

ಸಿಮೆಂಟಿಗೆ ಬೇಕಾದುದಕ್ಕಿಂತ ಹೆಚ್ಚು ನೀರು ಬಿದ್ದರೆ, ಅದು ಆರಿಹೋದ ಜಾಗದಲ್ಲೆಲ್ಲ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಬಲ ಕುಂದುವುದು ಅಲ್ಲೇ.

ಅದೇ ಮಾಲಿನಿಂದ ಕ್ಯೂಬುಗಳೂ ತಯಾರಾದವು. ಎಣ್ಣೆ ಸವರಿದ ಅಚ್ಚು ಎಲ್ಲ ಕಡೆಯಿಂದಲೂ 150 ಮಿ.ಮೀ.; ಮೂರು ಪದರವಾಗಿ ತುಂಬಿ, ಪದರಕ್ಕೆ 35 ಸಲಕ್ಕೆ ಕಡಿಮೆಯಿಲ್ಲದಂತೆ ಸರಳಿನಿಂದ ಕುಟ್ಟಬೇಕೆನ್ನುತ್ತದೆ ಭಾರತೀಯ ಮಾನಕ. ಮರುದಿನ ಅಚ್ಚು ಬಿಚ್ಚಿ ನೀರಿನ ತೊಟ್ಟಿಗೆ. ಏಳನೇ ದಿನ ಮೂರು, 28ನೇ ದಿನ ಮೂರು ಒಡೆಯುತ್ತಾರೆ.

ಒಡೆಯುವುದನ್ನು ನೋಡಲು ಲ್ಯಾಬಿಗೆ ಹೋದೆ. 28 ದಿನ ತುಂಬಿದ ಕ್ಯೂಬನ್ನು ತೊಟ್ಟಿಯಿಂದ ತೆಗೆದು, ಮೈ ಒರೆಸಿ, ಯಂತ್ರದ ಎರಡು ಉಕ್ಕಿನ ಫಲಕಗಳ ನಡುವೆ ಇಟ್ಟರು. ತುಂಬಿದ ಮೇಲ್ಮುಖ ಒರಟು, ಅದಕ್ಕೇ ಅಚ್ಚಿಗೆ ತಾಗಿದ್ದ ನುಣುಪು ಮುಖಗಳಿಗೇ ಭಾರ ಕೊಡುತ್ತಾರೆ. ಎಂ20 ಕಾಂಕ್ರೀಟ್ ಎಂದರೆ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್. ಇಷ್ಟಗಲದ ಕ್ಯೂಬಿಗೆ ಲೆಕ್ಕ ಹಾಕಿದರೆ 450 ಕಿಲೋನ್ಯೂಟನ್, ಸುಮಾರು 46 ಟನ್ ಭಾರ. ಮುಳ್ಳು ಆ ಗೆರೆ ದಾಟಿ ಇನ್ನೂ ಮುಂದೆ ಹೋಯಿತು. ಪಕ್ಕಗಳಲ್ಲಿ ಕೂದಲೆಳೆಯಂಥ ಬಿರುಕು, ಆಮೇಲೆ ಚಟ್ಟನೆ ಸದ್ದು. ನಾಲ್ಕೂ ಬದಿ ಉದುರಿ ನಡುವೆ ಉಳಿದದ್ದು ಡಮರುವಿನಾಕಾರದ ತುಂಡು. ಹೀಗೆ ಒಡೆದರೆ ಪರೀಕ್ಷೆ ಸರಿ. ಒಂದೇ ಬದಿ ಸೀಳಿದರೆ ಕ್ಯೂಬ್ ಇಟ್ಟದ್ದೋ ಎರಕ ಹೊಯ್ದದ್ದೋ ಸೊಟ್ಟಗಾಗಿದೆ ಎಂದು ಅನುಮಾನ. ಮೂರರಲ್ಲಿ ಯಾವುದೇ ಒಂದು ಸರಾಸರಿಗಿಂತ ಶೇ. 15ಕ್ಕೂ ಹೆಚ್ಚು ಅತ್ತಿತ್ತ ಹೋದರೆ ಆ ಫಲಿತಾಂಶವನ್ನೇ ಒಪ್ಪುವುದಿಲ್ಲ.

ಇಲ್ಲಿನ ಸೈಟುಗಳಲ್ಲಿ ಸ್ಲ್ಯಾಗ್ ಸಿಮೆಂಟಿನ ಚೀಲಗಳೂ ಕಾಣುತ್ತವೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ಕಡೆ ಊದುಕುಲುಮೆಯಿಂದ ಹೊರಬೀಳುವ ಕಿಟ್ಟವನ್ನು ನುಣ್ಣಗೆ ಅರೆದು ಬೆರೆಸುವ ಸಿಮೆಂಟ್ ಅದು. ಮೊದಲ ವಾರ ಇದರ ಬಲ ತುಸು ಮಂದ, ಬರಬರುತ್ತ ಬಲಿಯುತ್ತದೆ. ಏಳನೇ ದಿನದ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ. ನೀರು ನಿಲ್ಲಿಸಿದರೆ ಮಾತ್ರ ಕೆಟ್ಟಿತು. ನಿಧಾನ ಇಲ್ಲಿ ಹೊಸದೂ ಅಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಕಂಡ ತುಂಗಭದ್ರಾ ಅಣೆಕಟ್ಟೆಯ ಬಹುಭಾಗ ಕಲ್ಲಿನ ಕಟ್ಟಡ. ಅದರ ಗಾರೆಯಲ್ಲಿ ಬೆರೆತ ಸುರ್ಕಿ, ಅಂದರೆ ಸುಟ್ಟ ಜೇಡಿಮಣ್ಣಿನ ಪುಡಿಯೂ, ತಡವಾಗಿ ಬಿಗಿಯುವಂಥದೇ.

ಕ್ಯೂಬ್ ಇಲ್ಲದ ಹಳೆಯ ಕಟ್ಟಡಗಳಿಗೆ ಬೇರೆ ದಾರಿ. ಉದಾಹರಣೆಗೆ ಕಂಪ್ಲಿ–ಗಂಗಾವತಿ ಸೇತುವೆ, ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಮುಳುಗುವಂಥದು. ಇಂಥವುಗಳ ಬಲ ಅಳೆಯಲು ರೀಬೌಂಡ್ ಹ್ಯಾಮರ್ ಇದೆ. ಮೈಗೆ ಒತ್ತಿದರೆ ಒಳಗಿನ ಸುತ್ತಿಗೆ ಹೊಡೆದು ಎಷ್ಟು ಪುಟಿಯಿತೆಂದು ತೋರಿಸುತ್ತದೆ. ಆದರೆ ಅದು ಹೇಳುವುದು ಹೊರಮೈಯ ಗಟ್ಟಿತನ; ಅದರಿಂದ ಮಾಡುವ ಬಲದ ಅಂದಾಜು ಶೇ. 25ರಷ್ಟು ಹೆಚ್ಚುಕಡಿಮೆಯಾಗಬಹುದು. ಸಂಶಯ ಬಂದರೆ ಕೊರೆದು ಕೋರ್ ತೆಗೆದು ಒಡೆಯಲೇಬೇಕು.

ಪರೀಕ್ಷೆ ಗೆದ್ದ ಕಾಂಕ್ರೀಟೊಂದೇ ಕಟ್ಟಡವನ್ನು ಹೊರುವುದಿಲ್ಲ. ಹಂಪಿಯ ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಮುಗಿಯುವ ಮೊದಲೇ ಕುಸಿದು ಕೆಲಸಗಾರರ ಪ್ರಾಣ ಹೋಯಿತು. ವಿನ್ಯಾಸ, ಆಸರೆ, ಕೆಲಸದ ಕ್ರಮ ಎಲ್ಲವೂ ಸರಿಯಿರಬೇಕು.

ಸಂಜೆ ಸೈಟಿಗೆ ಮರಳಿದಾಗ ಮನೆಯೊಡತಿ ಎಂಜಿನಿಯರರನ್ನು ಕೇಳುತ್ತಿದ್ದರು: "ಕ್ಯೂಬ್ ಪಾಸಾದ್ರ ನಮ್ ಸ್ಲ್ಯಾಬೂ ಪಾಸಾದಂಗ ಅಲ್ರಿ?" ಅಲ್ಲ. ಲ್ಯಾಬಿನ ಕ್ಯೂಬು 27 ಡಿಗ್ರಿ ಆಸುಪಾಸಿನ ನೀರಿನಲ್ಲಿ ತಣ್ಣಗಿರುತ್ತದೆ. ಸ್ಲ್ಯಾಬು ಹೊಸಪೇಟೆಯ ಬಿಸಿಲಿಗೆ ಮೈಯೊಡ್ಡಿರುತ್ತದೆ. ಕ್ಯೂಬು ಹೇಳುವುದು ಮಿಕ್ಸರಿನಿಂದ ಬಂದ ಮಾಲಿನ ಯೋಗ್ಯತೆ. ಅದನ್ನು ಉಳಿಸಿಕೊಳ್ಳುವುದು ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ಒದ್ದೆಯಾಗಿಡುವುದು. ಇಂಥ ಒಣ ಬಿಸಿಲಿನಲ್ಲಿ ಕನಿಷ್ಠ ಹತ್ತು ದಿನ, ಮಿಶ್ರ ಸಿಮೆಂಟಾದರೆ ಹದಿನಾಲ್ಕು ದಿನ ಸ್ಲ್ಯಾಬಿನ ಮೇಲೆ ಹಾಸಿದ ಒದ್ದೆ ಗೋಣಿ ಒಣಗಬಾರದು. ಲ್ಯಾಬಿನ ವರದಿ ಕೇಳಿ ಪಡೆಯುವ ಮಾಲೀಕರು ನೀರು ಬಿಡುವವರು ಯಾರೆಂಬುದನ್ನೂ ಅದೇ ದಿನ ಗೊತ್ತುಮಾಡಿಕೊಳ್ಳಲಿ.