ಒಣಗಿಸಬಾರದ ಬೀಜ

ಮಕ್ಕಳೇ, ಅವರೆ, ಹೀರೆ ಬೀಜಗಳನ್ನು ನಾವು ಬಿಸಿಲಲ್ಲಿ ಒಣಗಿಸಿ ಎತ್ತಿಡುತ್ತೇವೆ, ಅಲ್ಲವೇ? ಸ್ನೇಹಿತರೊಬ್ಬರು ಸೀಸೆಯ ನೀರಿನಲ್ಲಿಟ್ಟು ಕೊಟ್ಟ ವಿಕ್ಟೋರಿಯಾ ಎಂಬ ದೈತ್ಯ ನೈದಿಲೆಯ ಬೀಜಗಳನ್ನೂ ನಾನು ಹಾಗೆಯೇ ಒಣಗಿಸಿಟ್ಟೆ. ಬಿತ್ತಿದ ಮೇಲೆ ಮೊಮ್ಮಗಳು ಎರಡು ತಿಂಗಳು ದಿನವೂ ತೊಟ್ಟಿಗೆ ಇಣುಕಿದಳು. ಒಂದೂ ಮೊಳೆಯಲಿಲ್ಲ. "ತಾತ, ನೀರಿನ ಬೀಜ ಯಾಕೆ ಒಣಗಿಸಿದೆ?" ಎಂದು ಅತ್ತೇಬಿಟ್ಟಳು. ಬ್ಯಾಂಕಿನಲ್ಲಿ ಲೆಕ್ಕ ತಪ್ಪದವನು ಇಲ್ಲಿ ತಪ್ಪಿದ್ದೆ.

ಆಮೇಲೆ ಓದಿ ತಿಳಿದೆ: ಅಮೆಜಾನ್ ಸೀಮೆಯ ಈ ಗಿಡದ ಬೀಜ ಇಂಗ್ಲೆಂಡಿನವರಿಗೂ ಮೊದಮೊದಲು ಕೈಕೊಟ್ಟಿತ್ತು. 1849ರಲ್ಲಿ ಶುದ್ಧ ನೀರಿನ ಸೀಸೆಗಳಲ್ಲಿ ಬಂದ ಬೀಜಗಳು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಮೊಳೆತವು. ಅಲ್ಲಿಂದ ತಂದ ಒಂದು ಸಸಿಯನ್ನು ಜೋಸೆಫ್ ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್ ತೋಟದ ಬೆಚ್ಚನೆಯ ತೊಟ್ಟಿಯಲ್ಲಿ ಬೆಳೆಸಿದರು. ಅದೇ ನವೆಂಬರಿನಲ್ಲಿ ಹೂ ಬಿಟ್ಟಿತು. ಅವರ ಪುಟ್ಟ ಮಗಳು ಆನಿ ಎಲೆಯ ಮೇಲೆ ನಿಂತಳು, ಎಲೆ ಮುಳುಗಲಿಲ್ಲ! ಎರಡು ಮೀಟರಿಗೂ ಅಗಲವಾಗುವ ಆ ಎಲೆಯ ಅಡಿಯಲ್ಲಿ, ಒಳಗೆ ಗಾಳಿಯಿರುವ ದಪ್ಪ ನರಗಳು ಜಾಲದಂತೆ ಹೆಣೆದುಕೊಂಡಿರುತ್ತವೆ.

ಬಟಾಣಿಯಷ್ಟಿರುವ ಈ ಬೀಜವನ್ನು ಸದಾ ನೀರಿನಲ್ಲೇ ಇಡಬೇಕು. ಮೊಳೆಸುವಾಗ ಗಟ್ಟಿ ಸಿಪ್ಪೆಯನ್ನು ದೊಡ್ಡವರು ಮೆಲ್ಲಗೆ ಕೆರೆದು, ಸುಮಾರು 30 ಡಿಗ್ರಿ ಬೆಚ್ಚಗಿನ ನೀರಿಗೆ ಹಾಕಬೇಕು. ಮೊದಲ ಎಲೆ ಸೂಜಿಯಂತೆ, ಮುಂದಿನದು ಬಾಣದ ಮೊನೆಯಂತೆ. ದುಂಡನೆಯ ಎಲೆ ಬರುವುದು ಆಮೇಲೆ. ಬೆಳೆದ ಗಿಡಕ್ಕೆ ಮನೆಯ ತೊಟ್ಟಿ ಸಾಲದು, ಕೊಳವೇ ಬೇಕು.

ಸ್ನೇಹಿತರು ಮತ್ತೆ ಮೂರು ಬೀಜ ಕೊಟ್ಟಿದ್ದಾರೆ. ಸೀಸೆಯ ನೀರು ಬದಲಿಸುವುದು ಈಗ ಮೊಮ್ಮಗಳ ಕೆಲಸ. "ತಾತ ಮುಟ್ಟಬಾರದು" ಎಂದು ಚೀಟಿಯನ್ನೂ ಅಂಟಿಸಿದ್ದಾಳೆ.