ಗಣಕದೊಳಗಿನ ಬಾಗಿಲ ಜವಾನ

ಯಶವಂತಪುರದಿಂದ ತುಮಕೂರಿನ ಕಡೆಗೆ ರೈಲಿನಲ್ಲಿ ಹೊರಟರೆ ಸ್ವಲ್ಪ ಹೊತ್ತಿಗೇ ಚಿಕ್ಕಬಾಣಾವರ ಬರುತ್ತದೆ. ಹಾಸನದ ಹಾದಿ ಕವಲೊಡೆಯುವುದು ಇಲ್ಲಿಯೇ. ಸೋಲದೇವನಹಳ್ಳಿಯ ಆಸುಪಾಸಿನಲ್ಲಿ ಕಾಲೇಜುಗಳಿರುವುದರಿಂದ ಇಲ್ಲಿನ ಬಾಡಿಗೆ ಕೋಣೆಗಳಲ್ಲಿ ವಿದ್ಯಾರ್ಥಿಗಳೇ ಹೆಚ್ಚು. ಅಂಥ ಒಬ್ಬ ವಿದ್ಯಾರ್ಥಿ, ಮನೆಯವರು ಕಷ್ಟಪಟ್ಟು ಹೊಂದಿಸಿದ ಹಣದಲ್ಲಿ ಹೊಸ ಲ್ಯಾಪ್‌ಟಾಪ್ ಕೊಂಡು, ಅದರಲ್ಲಿ ಲಿನಕ್ಸ್ ಹಾಕಿದನೆಂದು ಇಟ್ಟುಕೊಳ್ಳಿ. ಯಂತ್ರ ಏಳುತ್ತದೆ, ಪರದೆ ಬೆಳಗುತ್ತದೆ. ಆದರೆ ಟಚ್‌ಪ್ಯಾಡಿನ ಮೇಲೆ ಎಷ್ಟು ಬೆರಳಾಡಿಸಿದರೂ ಬಾಣ ಅಲುಗದು. ರಿಪೇರಿಯವನು ಭಾಗವೇ ಕೆಟ್ಟಿದೆ ಎಂದಾನು. ಕೆಟ್ಟಿರುವುದಿಲ್ಲ. 2023ರಲ್ಲಿ ಕೆಲವು ಹೊಸ ಯಂತ್ರಗಳಲ್ಲಿ ಇಂಥ ತೊಂದರೆ ಕಾಣಿಸಿತು; ಅದರ ಮೂಲವನ್ನು ಹುಡುಕುತ್ತ ಹೋದವರು ಹತ್ತು ವರ್ಷ ಹಿಂದಕ್ಕೆ, ಅದೂ ಬೇರೊಂದು ಬಗೆಯ ಯಂತ್ರದ ಬಳಿಗೆ, ಹೋಗಬೇಕಾಯಿತು.

ಗಣಕದ ಎಲ್ಲ ಭಾಗಗಳನ್ನೂ ಆಳುವ ಮೂಲ ಕ್ರಮವಿಧಿಗೆ ಕರ್ನೆಲ್ ಎಂದು ಹೆಸರು. ಅದನ್ನು ಕಚೇರಿಯ ಯಜಮಾನನೆಂದು ಭಾವಿಸಿ. ಕೀಲಿಮಣೆ, ಗಡಿಯಾರ ಮೊದಲಾದವು ತಮಗೆ ಕೆಲಸ ಬಿದ್ದಾಗ ಗಂಟೆ ಬಾರಿಸುತ್ತವೆ. ಯಾರ ಗಂಟೆ ಎಂದು ನೋಡಿ ಒಳಗೆ ತಿಳಿಸುವ ಬಾಗಿಲ ಜವಾನನೊಬ್ಬ ಬೇಕಲ್ಲವೆ? 1981ರ ಐಬಿಎಂ ಪಿಸಿಯಲ್ಲಿ ಈ ಕೆಲಸ ಇಂಟೆಲ್‌ನ 8259 ಎಂಬ ಚಿಪ್ಪಿನದಾಗಿತ್ತು. ಒಂದು ಚಿಪ್ಪಿಗೆ ಎಂಟು ಗಂಟೆಗಳು. 1984ರ ಮಾದರಿಯಲ್ಲಿ ಎರಡು ಚಿಪ್ಪುಗಳಾದವು. ಒಂದನ್ನು ಇನ್ನೊಂದಕ್ಕೆ ಜೋಡಿಸಲು ಒಂದು ಗಂಟೆ ಹೋಗಿ ಹದಿನೈದು ಉಳಿದವು. ಮುಂದೆ ಇವರಿಗಿಂತ ಜಾಣ ಜವಾನರು ಬಂದರೂ ಹಳಬರನ್ನು ಯಾರೂ ಕಳಿಸಲಿಲ್ಲ. ಪಿಸಿ ಎಂದ ಮೇಲೆ 8259 ಇದ್ದೇ ಇರುತ್ತದೆಂಬ ನಂಬಿಕೆ ಕರ್ನೆಲ್‌ನಲ್ಲಿ ಬೇರೂರಿತು.

ಈಗ ವರ್ಚುಯಲ್ ಯಂತ್ರದ ಮಾತು. ಒಂದು ದೊಡ್ಡ ಗಣಕದೊಳಗೆ ಹಲವು ಗಣಕಗಳಿರುವಂತೆ ನಟಿಸುವ ಉಪಾಯವಿದು. ಒಳಗಿನ ಕರ್ನೆಲ್ ತಾನು ನಿಜವಾದ ಯಂತ್ರದಲ್ಲಿಯೇ ಇದ್ದೇನೆಂದುಕೊಳ್ಳಬೇಕಾದರೆ ಪ್ರತಿಯೊಂದು ಭಾಗದ ವೇಷವನ್ನೂ ಯಾರಾದರೂ ಹಾಕಬೇಕು. ಮೈಕ್ರೋಸಾಫ್ಟಿನ ಹೈಪರ್-ವಿಯಲ್ಲಿ 2013ರಲ್ಲಿ ಬಂದ ಎರಡನೆಯ ಪೀಳಿಗೆಯ ಯಂತ್ರಗಳು ಹಳೆಯ ಭಾಗಗಳ ವೇಷವನ್ನು ಕೈಬಿಟ್ಟವು. 8259 ಇಲ್ಲ, ಹಳೆಯ ಗಡಿಯಾರದ ಚಿಪ್ಪೂ ಇಲ್ಲ. ಇದ್ದೇ ಇರುತ್ತಾರೆಂದು ನಂಬಿದವರು ಇಲ್ಲದಿದ್ದಾಗ ಲಿನಕ್ಸ್ ಅಲ್ಲಿ ಏಳುವುದೇ ತೊಡಕಾಯಿತು.

ಮೈಕ್ರೋಸಾಫ್ಟಿನಲ್ಲಿದ್ದ ಕೆ. ವೈ. ಶ್ರೀನಿವಾಸನ್ ಅವರು 2013-14ರ ಹೊತ್ತಿಗೆ ಇದಕ್ಕೊಂದು ಪರೀಕ್ಷೆಯನ್ನು ಬರೆದರು. ನನಗೆ ಬಹಳ ಹಿಡಿಸಿದ ಉಪಾಯ ಇದು. ಚಿಪ್ಪಿನ ಎಂಟು ಗಂಟೆಗಳಲ್ಲಿ ಜೋಡಣೆಯದೊಂದನ್ನು ಬಿಟ್ಟು ಉಳಿದವನ್ನು ಮುಚ್ಚು ಎಂದು ಬರೆಯುವುದು. ಆ ಆಜ್ಞೆಯ ಸಂಖ್ಯೆ 251. ಬರೆದ ಕೂಡಲೆ ಅದನ್ನೇ ಓದಿ ನೋಡುವುದು. ಚಿಪ್ಪು ಇದ್ದರೆ 251 ಎಂದೇ ಉತ್ತರ ಬರುತ್ತದೆ. ಇಲ್ಲದಿದ್ದರೆ? ಯಾವ ನಿಲಯವೂ ಇಲ್ಲದ ಕಡೆ ರೇಡಿಯೋದ ಮುಳ್ಳನ್ನು ತಿರುಗಿಸಿದರೆ ಬರಿಯ ಮೊರೆತ ಕೇಳುವುದನ್ನು ನೀವು ಬಲ್ಲಿರಿ. ಹಾಗೆಯೇ ಯಾರೂ ಇಲ್ಲದ ವಿಳಾಸವನ್ನು ಓದಿದರೆ ಎಂಟು ಗೆರೆಗಳೂ ‘ಒಂದು’ ಎನ್ನುತ್ತವೆ, ಕೂಡಿದರೆ 255. ಆಗ ಕರ್ನೆಲ್ ಚಿಪ್ಪು ಇಲ್ಲವೆಂದು ತೀರ್ಮಾನಿಸಿ, ಏನನ್ನೂ ಮಾಡದ ಬೊಂಬೆ ಜವಾನನನ್ನು ಅಲ್ಲಿ ಕೂರಿಸುತ್ತದೆ.

ಪರೀಕ್ಷೆ ಸರಿಯಾಗಿಯೇ ಇತ್ತು. ಆದರೆ 2023ರ ಆ ಲ್ಯಾಪ್‌ಟಾಪುಗಳಲ್ಲಿ ಚಿಪ್ಪು ಇದ್ದೂ, ಯಂತ್ರದ ಬಯಾಸ್ ಅದನ್ನು ಎಬ್ಬಿಸಿರಲಿಲ್ಲ. ಮಲಗಿದವನು ಬರೆದದ್ದನ್ನು ಹಿಂದಕ್ಕೆ ಹೇಳಲಿಲ್ಲ. ಕರ್ನೆಲ್ ಅವನನ್ನು ಇಲ್ಲವೆಂದೇ ಬಗೆದು ಬೊಂಬೆಯನ್ನು ಕೂರಿಸಿತು. ಹಳೆಯ ಗಂಟೆಗಳು ಎಷ್ಟಿವೆಯೆಂಬ ಲೆಕ್ಕವನ್ನೇ ನೆಚ್ಚಿಕೊಂಡಿದ್ದ ಕ್ರಮವಿಧಿಗಳೆಲ್ಲ ಅದರಿಂದ ದಾರಿ ತಪ್ಪಿದವು.

ಹಳೆಯ ಪರೀಕ್ಷೆಯನ್ನು ಕಿತ್ತುಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಗೆ ಮಾಡಿದರೆ ವರ್ಚುಯಲ್ ಯಂತ್ರಗಳು ಮತ್ತೆ ಮುಗ್ಗರಿಸುತ್ತವೆ. ಎಬ್ಬಿಸಿ ಮತ್ತೊಮ್ಮೆ ಕೇಳೋಣವೆಂದರೆ, ಚಿಪ್ಪೇ ಇಲ್ಲದ ಯಂತ್ರಗಳೆಲ್ಲ ಆ ವ್ಯರ್ಥ ಶ್ರಮವನ್ನು ಹೊರಬೇಕು. ಥಾಮಸ್ ಗ್ಲೈಕ್ಸ್‌ನರ್ ಅವರು 2023ರ ಅಕ್ಟೋಬರಿನಲ್ಲಿ ಮೂರನೆಯ ದಾರಿಯನ್ನು ಹಿಡಿದರು. ಯಂತ್ರ ಏಳುವಾಗ ತನ್ನಲ್ಲಿ ಏನೇನಿದೆ ಎಂಬ ಪಟ್ಟಿಯೊಂದನ್ನು ಕರ್ನೆಲ್‌ಗೆ ಒಪ್ಪಿಸುತ್ತದೆ. ಎಸಿಪಿಐ ಪಟ್ಟಿ ಎಂದು ಅದರ ಹೆಸರು. ಹಳೆಯ ಜವಾನನಿದ್ದಾನೆ ಎಂದು ಸಾರುವ ಗುರುತು ಅದರಲ್ಲಿ ಮೊದಲಿನಿಂದಲೂ ಇತ್ತು. ಆ ಗುರುತು ಕಂಡರೆ ಪರೀಕ್ಷೆಯೇ ಬೇಡ. ಚಿಪ್ಪು ಉಂಟೆಂದೇ ತಿಳಿದು ಅದನ್ನು ಎಬ್ಬಿಸುವುದು.

ನಿಮ್ಮ ಯಂತ್ರಕ್ಕೂ ಈ ತೊಂದರೆಯಿದೆಯೆ ಎಂದು ತಿಳಿಯಬೇಕಾದರೆ ‘ಡಿಮೆಸೆಜ್’ ಎಂಬ ಆಜ್ಞೆ ಕೊಟ್ಟು ‘ಯೂಸಿಂಗ್ ನಲ್ ಲೆಗಸಿ ಪಿಕ್’ ಎಂಬ ಸಾಲನ್ನು ಹುಡುಕಿ. ವರ್ಚುಯಲ್ ಯಂತ್ರದಲ್ಲಿ ಅದು ಕಂಡರೆ ಚಿಂತೆಯಿಲ್ಲ. ಮೊಂಡು ಹಿಡಿದ ಲ್ಯಾಪ್‌ಟಾಪಿನಲ್ಲಿ ಕಂಡರೆ ರಿಪೇರಿಗೆ ಹಣ ಕೊಡುವ ಮೊದಲು ಹೊಸ ಕರ್ನೆಲ್ ಹಾಕಿ ನೋಡಿ. ವಿನೋದವೆಂದರೆ, ಎಬ್ಬಿಸಿದ ಆ ಮುದಿ ಜವಾನನಿಗೆ ಈಗಿನ ಯಂತ್ರಗಳಲ್ಲಿ ಮಾಡಲು ಕೆಲಸವೇ ಇಲ್ಲ. ಅವನ ಹೆಸರು ಹಾಜರಿಯಲ್ಲಿದ್ದರೆ ಸಾಕು, ಟಚ್‌ಪ್ಯಾಡ್ ಅಲುಗುತ್ತದೆ.