ಮಗ್ಗ ನಿಂತ ಮೇಲೆ ಮಾತ್ರೆಗೆ ಹಣ?

ರಬಕವಿ-ಬನಹಟ್ಟಿಯ ನೇಕಾರರಿಗೆ ಸಿಗುವುದು ವಾರದ ಬಟವಾಡೆ. ಜಮಖಂಡಿ, ಮುಧೋಳ, ಬೀಳಗಿಯ ರೈತರಿಗೆ ಕಬ್ಬಿನ ಬಿಲ್ಲು. ದುಡಿಮೆ ನಿಂತರೆ ಎರಡೂ ನಿಲ್ಲುತ್ತವೆ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸುವಂತಿಲ್ಲ. ಹಣವಿಲ್ಲವೆಂದು ಬಿಟ್ಟರೆ ಲಕ್ವ ಹೊಡೆಯುವ ಅಪಾಯವಿದೆ.

ಸಹಕಾರಿ ಸದಸ್ಯರ ‘ಯಶಸ್ವಿನಿ’ ಆಸ್ಪತ್ರೆಯ ಚಿಕಿತ್ಸೆಗೆ ನೆರವಾಗುತ್ತದೆ, ನಿತ್ಯದ ಮಾತ್ರೆಗಲ್ಲ. ಅದಕ್ಕೆ ನೀವೇ ಕೂಡಿಡಬೇಕು.

ಆದಾಯ ತೆರಿಗೆ ಕಟ್ಟದವರು 18ರಿಂದ 40 ವಯಸ್ಸಿನೊಳಗೆ ಅಟಲ್ ಪಿಂಚಣಿಗೆ ಸೇರಬಹುದು. 60ರ ನಂತರ ತಿಂಗಳಿಗೆ 5,000 ರೂ. ಬೇಕಿದ್ದರೆ, 18ರಲ್ಲಿ ಸೇರಿದವರ ಮಾಸಿಕ ಕಂತು 210 ರೂ.; 40ರಲ್ಲಿ ಸೇರಿದವರದು 1,454 ರೂ. ತಡಮಾಡಿದಷ್ಟೂ ಹೊರೆ!

ವಯಸ್ಸು ಮೀರಿದವರು ಅಂಚೆ ಕಚೇರಿಯಲ್ಲಿ ಆರ್.ಡಿ. ತೆರೆಯಿರಿ. ಬಟವಾಡೆಯಾದ ದಿನವೇ ಕಂತಿನ ಹಣ ತೆಗೆದಿಡಿ. ಮಾತ್ರೆಗಳನ್ನು ಮೊದಲು ಸರಕಾರಿ ಆಸ್ಪತ್ರೆಯಲ್ಲಿ, ಬಳಿಕ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ.